ಬಿಡುಗಡೆಯನ್ನು ಅಳೆಯಬಹುದೋ?

ಸುಗಟೂರು ಕೋಲಾರ ತಾಲ್ಲೂಕಿನ ಒಂದು ಹೋಬಳಿಯ ಊರು. ಪೂರ್ವದಲ್ಲಿ ಪಾಳೆಯಗಾರರ ಮನೆತನವೊಂದು ಈ ಊರಿನ ಹೆಸರನ್ನು ಧರಿಸಿಕೊಂಡು ಕೋಲಾರದ ಸೀಮೆಯನ್ನು ಆಳಿತು. ಈಗ ಈ ಸೀಮೆಯ ಜನರು ರಾಗಿ, ಟೊಮೇಟೊ, ರೇಷ್ಮೆ, ಹಾಲು ಇವುಗಳಿಂದ ಜೀವನ ಮಾಡುವವರಾಗಿದ್ದಾರೆ. ಅಳೆಯುವದು ಇವರಿಗೆ ಹೊಸ ಕೆಲಸವಲ್ಲ. ರಾಗಿಯನ್ನು ಸೇರಿನಿಂದ ಅಳೆಯುತ್ತಾರೆ. ಹಾಲನ್ನು ಡೇರಿಯಲ್ಲಿ ಲೀಟರಿನಿಂದಲೂ ಅದರ ಕೊಬ್ಬಿನಿಂದಲೂ ಅಳೆಯುತ್ತಾರೆ. ಕೊಳವೆ ಬಾವಿಯನ್ನು ಅಡಿಗಳಿಂದ ಅಳೆಯುತ್ತಾರೆ. ಆದರೆ ಒಬ್ಬ ಮನುಷ್ಯನಿಗೆ ಇರುವ ಬಿಡುಗಡೆಯನ್ನು ಯಾವ ಸೇರಿನಿಂದ ಅಳೆಯಬೇಕು? ಅದು ಅಳತೆಗೆ ಸಿಕ್ಕುವ ವಸ್ತುವೋ, ಅಥವಾ ಅವನವನ ಮನಸ್ಸಿಗೆ ತೋರುವ ಭಾವವೋ? ಈ ತಿಂಗಳು ನಾವು ವಿಚಾರಿಸತಕ್ಕ ಪ್ರಶ್ನೆ ಇದೇ.

ಪ್ರಶ್ನೆ ಪಂಡಿತರಿಗೆ ಸೇರಿದ್ದು, ನಮಗೇಕೆ ಎಂದು ಯಾರೂ ಪುಟವನ್ನು ತಿರುವಿಬಿಡಬಾರದು. ಈ ಕೆಳಗಿನ ಇಬ್ಬರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಒಬ್ಬನು ಮಗಳ ಮದುವೆಗಾಗಿ ಮುಂಗಡ ಹಣವನ್ನು ತೆಗೆದುಕೊಂಡು ಆರು ವರುಷಗಳಿಂದ ಒಬ್ಬ ಒಡೆಯನ ಹೊಲದಲ್ಲಿಯೂ ಹುಳುಮನೆಯಲ್ಲಿಯೂ ದುಡಿಯುತ್ತಾನೆ. ಸಾಲ ತೀರಿತೋ ಇಲ್ಲವೋ ಅವನಿಗೆ ತಿಳಿಯದು. ಲೆಕ್ಕದ ಪುಸ್ತಕ ಒಡೆಯನ ಬಳಿಯಲ್ಲಿದೆ. ಬೇರೆ ಕಡೆ ಕೂಲಿಗೆ ಹೋಗಲು ಅವನಿಗೆ ಅಪ್ಪಣೆ ಇಲ್ಲ. ಆದಾಗ್ಯೂ ಅವನನ್ನು ಕೇಳಿದರೆ, ನನಗೇನು ಕೊರತೆ, ಗೌಡರು ನನ್ನನ್ನು ಮಗನ ಹಾಗೆ ನೋಡಿಕೊಳ್ಳುತ್ತಾರೆ, ಹಬ್ಬಕ್ಕೆ ಬಟ್ಟೆ ಕೊಡಿಸುತ್ತಾರೆ ಎನ್ನುತ್ತಾನೆ. ಇನ್ನೊಬ್ಬನಿಗೆ ಎರಡು ಎಕರೆ ಸ್ವಂತ ಭೂಮಿಯಿದೆ. ಅವನು ಯಾರಿಗೂ ಸಾಲಗಾರನಲ್ಲ. ಮನಸ್ಸು ಬಂದ ದಿನ ಬಸ್ಸು ಹತ್ತುತ್ತಾನೆ, ಮನಸ್ಸು ಬಂದ ಬೆಳೆ ಇಡುತ್ತಾನೆ. ಆದರೂ ಅವನು, ನನಗೆಲ್ಲಿಯ ಸ್ವಾತಂತ್ರ್ಯ, ಮಳೆಯೂ ಮಾರುಕಟ್ಟೆಯೂ ಮನೆಯವರೂ ನನ್ನನ್ನು ಕಟ್ಟಿಹಾಕಿದ್ದಾರೆ ಎಂದು ದಿನಾಲು ಗೊಣಗುತ್ತಾನೆ. ಇವರಿಬ್ಬರಲ್ಲಿ ಬಿಡುಗಡೆಯುಳ್ಳವನು ಯಾರು? ಬಾಯಿಮಾತನ್ನು ಹಿಡಿದರೆ ಮೊದಲನೆಯವನು. ಕಣ್ಣಿಗೆ ಕಾಣುವದನ್ನು ಹಿಡಿದರೆ ಎರಡನೆಯವನು. ನಾವು ಯಾವದನ್ನು ಹಿಡಿಯುತ್ತೇವೋ ಅದರಂತೆ ನೆರೆಯವನ ವಿಷಯದಲ್ಲಿ ನಮ್ಮ ನಡತೆಯೂ ಬೇರೆಯಾಗುವದು. ಆದದರಿಂದ ಇದು ಸಣ್ಣ ಪ್ರಶ್ನೆಯಲ್ಲ.

೧. ಜ್ವರವೂ ನೋವೂ

ಮೊದಲು ಒಂದು ಹೋಲಿಕೆಯನ್ನು ನೋಡೋಣ. ಮನೆಯಲ್ಲಿ ಮಗುವಿಗೆ ಜ್ವರ ಬಂದಿದೆ. ಮಗುವು, ಅಮ್ಮಾ, ಚಳಿ ಎಂದು ಕಂಬಳಿ ಕೇಳುತ್ತದೆ. ತಾಯಿ ಕೈಯಿಟ್ಟು ನೋಡಿದರೆ ಮೈ ಸುಡುತ್ತದೆ. ಜ್ವರದ ಕಡ್ಡಿಯನ್ನಿಟ್ಟರೆ ಅದು ೧೦೩ ತೋರಿಸುತ್ತದೆ. ಇಲ್ಲಿ ಮಗು ಸುಳ್ಳು ಹೇಳಲಿಲ್ಲ. ಅದಕ್ಕೆ ನಿಜವಾಗಿ ಚಳಿಯೇ ಆಗುತ್ತಿತ್ತು. ಆದರೆ ಅದರ ಮಾತನ್ನು ಮಾತ್ರ ನಂಬಿ ಕಡ್ಡಿಯನ್ನು ನಂಬದಿದ್ದರೆ ಮಗುವಿಗೆ ಅಪಾಯ. ಜ್ವರವು ಅನುಭವಿಸುವವನ ಭಾವವನ್ನು ಕಾಯದೆ ತಾನಾಗಿಯೇ ಇರುವ ಸಂಗತಿ.

ನೋವು ಹಾಗಲ್ಲ. ಹಲ್ಲು ನೋಯುತ್ತದೆಂದು ಒಬ್ಬನು ಹೇಳಿದರೆ, ಇಲ್ಲ, ನಿನಗೆ ನೋವಿಲ್ಲ ಎಂದು ವೈದ್ಯನು ಹೇಳಲಾರನು. ನೋವಿಗೆ ನೋಯುವವನೇ ಸಾಕ್ಷಿ.

ಹಾಗಾದರೆ ಬಿಡುಗಡೆಯು ಜ್ವರದಂತೆಯೋ, ನೋವಿನಂತೆಯೋ? ಈ ಒಂದು ಪ್ರಶ್ನೆಯಲ್ಲಿ ನಮ್ಮ ವಿಚಾರವೆಲ್ಲಾ ಅಡಗಿದೆ.

೨. ಮನಸ್ಸೇ ಅಳತೆ ಎಂಬವರು

ಬಿಡುಗಡೆಯು ಮನಸ್ಸಿಗೆ ಸೇರಿದ್ದು ಎಂದು ಹೇಳಿದವರಲ್ಲಿ ದೊಡ್ಡ ಜ್ಞಾನಿಗಳಿದ್ದಾರೆ. ರೋಮ್ ಸಾಮ್ರಾಜ್ಯದ ಕಾಲದಲ್ಲಿ ಎಪಿಕ್ಟೇಟನೆಂಬ ತತ್ವಜ್ಞಾನಿ ಇದ್ದನು. ಅವನು ದಾಸನಾಗಿ ಬೆಳೆದವನು, ಕುಂಟನು. ಯಾವದು ನಮ್ಮ ವಶದಲ್ಲಿದೆಯೋ ಅದನ್ನು ಮಾತ್ರ ಬಯಸುವವನನ್ನು ಯಾರೂ ಕಟ್ಟಲಾರರೆಂದು ಅವನು ಕಲಿಸಿದನು. ಕಾಲಿಗೆ ಬೇಡಿ ಹಾಕಬಹುದು, ಸಂಕಲ್ಪಕ್ಕೆ ಹಾಕಲಾಗದು ಎಂಬದು ಅವನ ಉಪದೇಶದ ಸಾರ. ಇಂಥ ಮಾತು ನಮ್ಮ ದೇಶದ ಸಂತರ ಬಾಯಲ್ಲಿಯೂ ಉಂಟು. ಆಶೆಗೆ ದಾಸನಾದವನು ಅರಮನೆಯಲ್ಲಿದ್ದರೂ ದಾಸನೇ ಎಂದು ನಮ್ಮ ಹಿರಿಯರೂ ಹೇಳುತ್ತಾರೆ.

ಈ ಮಾತಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳುವದಿಲ್ಲ. ಕುಡುಕನ ಬಾಗಿಲಿಗೆ ಯಾರೂ ಬೀಗ ಹಾಕಿಲ್ಲ; ಆದಾಗ್ಯೂ ಸಂಜೆಯಾದರೆ ಅವನ ಕಾಲುಗಳು ಒಂದೇ ದಾರಿಯನ್ನು ಹಿಡಿಯುತ್ತವೆ. ಅವನನ್ನು ಬಿಡುಗಡೆಯುಳ್ಳವನೆಂದು ಹೇಗೆ ಹೇಳೋಣ? ಇಂಥವರ ಮನೆಗಳಲ್ಲಿ ಕಣ್ಣೀರು ಸುರಿಸಿದವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಆದದರಿಂದ ಒಳಗಿನ ಬಿಡುಗಡೆ ಎಂಬದೊಂದು ಇದೆ, ಅದು ಬೆಲೆಯುಳ್ಳದ್ದೂ ಆಗಿದೆ.

ಆದರೆ ಎಪಿಕ್ಟೇಟನ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಅವನು ಕೊನೆಯ ವರೆಗೆ ದಾಸನಾಗಿರಲಿಲ್ಲ, ಬಿಡುಗಡೆ ಹೊಂದಿದನು. ಆ ಮೇಲೆಯೇ ಪಾಠಶಾಲೆಯನ್ನು ಸ್ಥಾಪಿಸಿ ಶಿಷ್ಯರಿಗೆ ಕಲಿಸಿದನು. ಒಳಗಿನ ಬಿಡುಗಡೆಯನ್ನು ಕುರಿತು ಉಪದೇಶಿಸುವದಕ್ಕೂ ಹೊರಗಿನ ಬಿಡುಗಡೆ ಬೇಕಾಯಿತು.

೩. ಬೀಗ ಹಾಕಿದ ಕೋಣೆ

ಜಾನ್ ಲಾಕ್ ಎಂಬ ಇಂಗ್ಲಿಷ್ ಪಂಡಿತನು ೧೬೯೦ರ ತನ್ನ ಗ್ರಂಥದಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಒಬ್ಬ ಮನುಷ್ಯನು ಗಾಢವಾಗಿ ನಿದ್ರಿಸುತ್ತಿರುವಾಗ ಅವನನ್ನು ಎತ್ತಿಕೊಂಡು ಹೋಗಿ ಒಂದು ಕೋಣೆಯಲ್ಲಿ ಮಲಗಿಸುತ್ತಾರೆ. ಅಲ್ಲಿ ಅವನು ಬಹುದಿನಗಳಿಂದ ನೋಡಬೇಕೆಂದಿದ್ದ ಸ್ನೇಹಿತನು ಕುಳಿತಿದ್ದಾನೆ. ಹೊರಗಿನಿಂದ ಬಾಗಿಲಿಗೆ ಬೀಗ ಹಾಕುತ್ತಾರೆ. ಎಚ್ಚರವಾದವನು ಸ್ನೇಹಿತನನ್ನು ಕಂಡು ಸಂತೋಷಪಟ್ಟು, ಮಾತಾಡುತ್ತಾ ಅಲ್ಲಿಯೇ ಕೂಡುತ್ತಾನೆ. ಹೊರಗೆ ಹೋಗಬೇಕೆಂಬ ಯೋಚನೆಯೇ ಅವನಿಗೆ ಬರುವದಿಲ್ಲ. ಅವನು ಮನಸಾರೆ ಅಲ್ಲಿದ್ದಾನೆ ಎಂಬದಕ್ಕೆ ಸಂದೇಹವಿಲ್ಲ. ಆದರೆ ಹೋಗುವ ಬಿಡುಗಡೆ ಅವನಿಗೆ ಇದೆಯೋ? ಇಲ್ಲ. ಬೀಗ ಬಿದ್ದಿದೆ.

ಈ ದೃಷ್ಟಾಂತವು ಎರಡು ಸಂಗತಿಗಳನ್ನು ಬೇರೆಬೇರೆ ಮಾಡಿ ತೋರಿಸುತ್ತದೆ. ತೃಪ್ತಿ ಒಂದು, ಬಿಡುಗಡೆ ಮತ್ತೊಂದು. ಮನುಷ್ಯನು ತೃಪ್ತನಾಗಿದ್ದಾನೋ ಎಂದು ತಿಳಿಯಲು ಅವನನ್ನೇ ಕೇಳಬೇಕು. ಬಾಗಿಲಿಗೆ ಬೀಗವಿದೆಯೋ ಎಂದು ತಿಳಿಯಲು ಬಾಗಿಲನ್ನು ನೋಡಬೇಕು. ನಮ್ಮ ಮೊದಲನೆಯ ಕೂಲಿಯವನು ತನ್ನ ತೃಪ್ತಿಯನ್ನು ಕುರಿತು ಹೇಳಿದ್ದು ನಿಜವಾಗಿರಬಹುದು. ಬಾಗಿಲನ್ನು ಕುರಿತು ಅವನು ಏನೂ ಹೇಳಲಿಲ್ಲ. ಯಾಕಂದರೆ ಅವನು ಆರು ವರುಷಗಳಿಂದ ಅದನ್ನು ತಳ್ಳಿ ನೋಡಲೇ ಇಲ್ಲ.

ಇದಲ್ಲದೆ ಮನುಷ್ಯನ ಮನಸ್ಸು ಇಕ್ಕಟ್ಟಾದ ಸ್ಥಳಕ್ಕೂ ಒಗ್ಗಿಹೋಗುತ್ತದೆ. ಸಿಕ್ಕದೆಂದು ತಿಳಿದದ್ದನ್ನು ಬಯಸುವದನ್ನೇ ಬಿಟ್ಟುಬಿಡುತ್ತದೆ. ೧೯೯೮ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಅಮರ್ತ್ಯ ಸೇನರು ಇದನ್ನೇ ಎತ್ತಿ ತೋರಿಸಿದ್ದಾರೆ. ಬಹುಕಾಲ ಕೊರತೆಯಲ್ಲಿ ಬಿದ್ದವರು ಸ್ವಲ್ಪದರಲ್ಲಿ ಸಂತೋಷಪಡಲು ಕಲಿಯುತ್ತಾರೆ. ಆ ಸಂತೋಷವನ್ನೇ ಅಳತೆಯಾಗಿ ಇಟ್ಟುಕೊಂಡರೆ ಅವರಿಗಾದ ಅನ್ಯಾಯವು ಲೆಕ್ಕಕ್ಕೇ ಬರುವದಿಲ್ಲ.

ಶಿವರಾಮ ಕಾರಂತರು ೧೯೩೩ರಲ್ಲಿ ಬರೆದ ‘ಚೋಮನ ದುಡಿ’ಯನ್ನು ಓದಿದವರಿಗೆ ಇದು ಸುಲಭವಾಗಿ ತಿಳಿಯುವದು. ಚೋಮನ ಒಡೆಯನು ಕಟುಕನಲ್ಲ. ಆದರೂ ತಾನೂ ಬೇಸಾಯಗಾರನಾಗಿ ಒಂದು ತುಂಡು ಗದ್ದೆಯನ್ನು ಉಳಬೇಕೆಂಬ ಚೋಮನ ಆಶೆಯೊಂದು ಮಾತ್ರ ಈಡೇರುವಂತಿಲ್ಲ. ಅವನು ಹುಟ್ಟಿದ ಜಾತಿಗೆ ಅದು ಸಲ್ಲದೆಂದು ಊರು ತೀರ್ಮಾನಿಸಿದೆ. ಅವನು ಆ ಆಶೆಯನ್ನು ಬಿಟ್ಟುಬಿಟ್ಟಿದ್ದರೆ ನೆಮ್ಮದಿಯಾಗಿ ಇರಬಹುದಾಗಿತ್ತು. ಹಾಗೆ ಬಿಟ್ಟಿದ್ದರೆ ಅವನ ಬಿಡುಗಡೆ ಒಂದು ಗೇಣಾದರೂ ಹೆಚ್ಚುತ್ತಿತ್ತೋ? ಮನಸ್ಸೇ ಅಳತೆ ಎಂಬವರು ಹೌದೆನ್ನಬೇಕಾಗುವದು. ಅದನ್ನು ಒಪ್ಪಲು ನಮ್ಮಿಂದಾಗದು.

೪. ಕಾನೂನು ಹಿಡಿದ ಸೇರು

ನಮ್ಮ ದೇಶದ ಕಾನೂನು ಈ ಪ್ರಶ್ನೆಯನ್ನು ಹೇಗೆ ಬಿಡಿಸಿತೆಂಬದನ್ನು ಈಗ ನೋಡೋಣ. ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗದ ೨೩ನೆಯ ವಿಧಿಯು ಬಿಟ್ಟಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಆದರೂ ಜೀತವು ಹಳ್ಳಿಗಳಲ್ಲಿ ನಿಲ್ಲಲಿಲ್ಲ. ೧೯೭೫ನೆಯ ಅಕ್ಟೋಬರ್ ೨೫ರಂದು ಸುಗ್ರೀವಾಜ್ಞೆ ಜಾರಿಗೆ ಬಂದಿತು. ೧೯೭೬ರಲ್ಲಿ ಅದೇ ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯಿದೆಯಾಯಿತು. ಆ ಗಳಿಗೆಯಿಂದ ದೇಶದ ಪ್ರತಿಯೊಬ್ಬ ಜೀತಗಾರನೂ ಬಿಡುಗಡೆಯಾದನೆಂದೂ, ಜೀತದ ಸಾಲವೆಲ್ಲಾ ಅಳಿದುಹೋಯಿತೆಂದೂ ಕಾಯಿದೆ ಸಾರಿತು.

ಆದರೆ ಜೀತಗಾರನು ಯಾರು? ಅದನ್ನು ಗುರುತಿಸುವದು ಹೇಗೆ? ನಿನಗೆ ದುಃಖವಿದೆಯೋ, ನೀನು ಬಂಧನದಲ್ಲಿದ್ದೀಯೆಂದು ನಿನಗೆ ತೋರುತ್ತದೋ ಎಂದು ಕಾಯಿದೆ ಕೇಳುವದಿಲ್ಲ. ಮೊದಲು ಕಟ್ಟು ಎಲ್ಲಿಂದ ಬಂದಿತೆಂದು ನೋಡುತ್ತದೆ: ಮುಂಗಡವೋ, ತಂದೆ ತಾತಂದಿರು ಮಾಡಿದ ಸಾಲವೋ, ರೂಢಿಯೋ, ಹುಟ್ಟಿದ ಜಾತಿಯೋ. ಆ ಮೇಲೆ ಆ ಕಟ್ಟಿನ ದೆಸೆಯಿಂದ ಅವನು ಕಳಕೊಂಡದ್ದೇನೆಂದು ನೋಡುತ್ತದೆ. ಅದಕ್ಕೆ ನಾಲ್ಕು ಗುರುತುಗಳುಂಟು. ಕೂಲಿಯಿಲ್ಲದೆ ಅಥವಾ ಹೆಸರಿಗೆ ಮಾತ್ರ ಕೂಲಿ ಪಡೆದು ದುಡಿಯಬೇಕಾಗಿದೆಯೋ? ಬೇರೆ ಕೆಲಸವನ್ನು ಹಿಡಿಯುವ ಹಕ್ಕು ತಪ್ಪಿದೆಯೋ? ಭಾರತದ ಯಾವ ಭಾಗಕ್ಕಾದರೂ ಹೋಗಿಬರುವ ಹಕ್ಕು ತಪ್ಪಿದೆಯೋ? ತನ್ನ ಸೊತ್ತನ್ನೂ ದುಡಿಮೆಯ ಫಲವನ್ನೂ ಮಾರುಕಟ್ಟೆಯ ಬೆಲೆಗೆ ಮಾರುವ ಹಕ್ಕು ತಪ್ಪಿದೆಯೋ? ಇವುಗಳಲ್ಲಿ ಒಂದಾದರೂ ಇದ್ದರೆ ಅದು ಜೀತವೇ.

ವಾಚಕರೇ, ಈ ನಾಲ್ಕನ್ನೂ ನಿಧಾನವಾಗಿ ಇನ್ನೊಮ್ಮೆ ಓದಿರಿ. ಇವೆಲ್ಲವೂ ನೋಡಿ ತಿಳಿಯಬಹುದಾದ ಸಂಗತಿಗಳು. ಕೂಲಿ ಎಷ್ಟೆಂಬದನ್ನು ಎಣಿಸಬಹುದು. ಕಳೆದ ವರುಷ ಬೇರೆಯವರ ಹೊಲಕ್ಕೆ ಹೋಗಲು ಬಿಟ್ಟರೋ ಇಲ್ಲವೋ ಎಂದು ವಿಚಾರಿಸಬಹುದು. ನೆಂಟರ ಸಾವಿಗೆ ಹೋಗಬೇಕಾದಾಗ ಯಾರ ಅಪ್ಪಣೆ ಬೇಕಾಯಿತೆಂದು ಕೇಳಬಹುದು. ಜ್ವರದ ಕಡ್ಡಿಯ ಹಾಗೆ, ಅನುಭವಿಸುವವನ ಬಾಯಿಯಿಂದ ಬಾರದ ಸತ್ಯವನ್ನು ಇವು ಹೊರಗೆ ತರುತ್ತವೆ. ಇನ್ನೂ ಒಂದು ವಿಶೇಷವಿದೆ. ಇದು ಜೀತದ ಸಾಲವೆಂದು ಕೂಲಿಯವನು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಭಾರವನ್ನು ಕಾಯಿದೆಯು ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ. ಯಾಕಂದರೆ ಲೆಕ್ಕದ ಪುಸ್ತಕ ಇರುವದು ಅವನ ಕೈಯಲ್ಲಿ.

೧೯೮೨ರಲ್ಲಿ ದಿಲ್ಲಿಯ ಏಷ್ಯಾದ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದ ಕೂಲಿಯವರ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಇನ್ನೂ ಮುಂದೆ ಹೋಯಿತು. ಬಲವಂತವೆಂದರೆ ದೊಣ್ಣೆಯೂ ಬೇಡಿಯೂ ಮಾತ್ರವಲ್ಲ; ಹಸಿವಿನ ದೆಸೆಯಿಂದ ಬೇರೆ ದಾರಿ ಕಾಣದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪುವದೂ ಬಲವಂತದ ದುಡಿಮೆಯೇ ಎಂದು ಅದು ತೀರ್ಮಾನಿಸಿತು. ನಾನು ಒಪ್ಪಿದೆನು ಎಂಬ ಮಾತು ಇದ್ದ ಮಾತ್ರಕ್ಕೆ ಬಿಡುಗಡೆ ಇತ್ತೆಂದು ಹೇಳಲಾಗದೆಂಬದು ಇದರ ಅರ್ಥ.

೫. ಹೆಬ್ಬೆಟ್ಟಿನ ಗುರುತು

ನಮ್ಮ ಸೀಮೆಯ ಕೂಲಿಯವರಿಗೆ ಈ ಅಳತೆಯು ಕಾಯಿದೆಗಿಂತ ಮುಂಚೆಯೇ ತಿಳಿದಿತ್ತು. ೨೦೦೧ರಲ್ಲಿ ಮುಚ್ಚಲ್ಪಟ್ಟ ಕೋಲಾರದ ಚಿನ್ನದ ಗಣಿಗಳಲ್ಲಿ ಸಾವಿರಾರು ಜನರು ಭೂಮಿಯ ಹೊಟ್ಟೆಯಲ್ಲಿ ಇಳಿದು ದುಡಿದರು. ೧೯೩೦ರಲ್ಲಿ ಪ್ರತಿಯೊಬ್ಬ ಕೆಲಸಗಾರನೂ ಹೆಬ್ಬೆಟ್ಟಿನ ಗುರುತನ್ನು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಕ್ರಮ ಬಂದಾಗ ಅವರು ಕೆಲಸವನ್ನು ನಿಲ್ಲಿಸಿಬಿಟ್ಟರು. ಆ ಕ್ರಮದಿಂದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಒಂದು ಗಣಿಯಲ್ಲಿ ಮೇಸ್ತ್ರಿಯ ಸಿಟ್ಟಿಗೆ ಗುರಿಯಾದವನು ಬೇರೊಂದು ಗಣಿಯಲ್ಲಿ ಕೆಲಸ ಹಿಡಿಯುವ ದಾರಿಯು ಆ ಗುರುತಿನಿಂದ ಮುಚ್ಚಿಹೋಗಬಹುದಾಗಿತ್ತು. ಓದು ಬರಹ ಬಾರದ ಆ ಜನರು ಪಂಡಿತರ ಗ್ರಂಥಗಳನ್ನು ನೋಡಿದವರಲ್ಲ. ಆದಾಗ್ಯೂ ಬಿಟ್ಟು ಹೋಗುವ ದಾರಿ ಇರುವದೇ ದುಡಿಯುವವನ ಬಿಡುಗಡೆಯ ಮುಖ್ಯ ಅಳತೆ ಎಂಬದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಇದರಿಂದ ನಮಗೊಂದು ಸುಲಭವಾದ ಪರೀಕ್ಷೆ ಸಿಕ್ಕುತ್ತದೆ. ಒಬ್ಬನಿಗೆ ಬಿಡುಗಡೆ ಇದೆಯೋ ಎಂದು ತಿಳಿಯಬೇಕಾದರೆ, ನಿನಗೆ ಸುಖವೋ ಎಂದು ಕೇಳದೆ, ನೀನು ನಾಳೆ ಒಲ್ಲೆನೆಂದರೆ ನಾಳಿದ್ದು ಏನಾಗುವದು ಎಂದು ಕೇಳಬೇಕು. ಒಡೆಯನು ದಯವಂತನಾಗಿರಬಹುದು. ಆದರೆ ಅವನ ದಯೆ ಇರುವ ತನಕ ಮಾತ್ರ ಇರುವ ಬಿಡುಗಡೆಯು ಒಡೆಯನ ಸೊತ್ತೇ ಹೊರತು ಕೂಲಿಯವನ ಸೊತ್ತಲ್ಲ. ಎರವಲು ಎತ್ತಿನಿಂದ ಉಳುವವನು ಎತ್ತಿನ ಯಜಮಾನನಾಗುತ್ತಾನೋ?

೬. ಅಳತೆಯ ಕೊರತೆಗಳು

ಇಷ್ಟಾದ ಮೇಲೆ, ಬಿಡುಗಡೆಯನ್ನು ರಾಗಿಯ ಹಾಗೆ ಅಳೆದು ಚೀಲಕ್ಕೆ ತುಂಬಬಹುದೆಂದು ಯಾರೂ ಎಣಿಸಬಾರದು. ಅಳತೆಗೂ ಕೊರತೆಗಳಿವೆ.

ಮೊದಲನೆಯದು, ಹೊರಗಿನಿಂದ ಒಂದೇ ತೆರನಾಗಿ ಕಾಣುವದೆಲ್ಲಾ ಒಂದೇ ಅಲ್ಲ. ಶುಭ ಶುಕ್ರವಾರ ಉಪವಾಸ ಮಾಡುವವನ ಹೊಟ್ಟೆಯೂ ಖಾಲಿ, ಮನೆಯಲ್ಲಿ ಹಿಟ್ಟಿಲ್ಲದವನ ಹೊಟ್ಟೆಯೂ ಖಾಲಿ. ಒಬ್ಬನು ಊಟವನ್ನು ಬಿಟ್ಟನು. ಇನ್ನೊಬ್ಬನನ್ನು ಊಟವೇ ಬಿಟ್ಟಿತು. ಈ ಭೇದವನ್ನೂ ಸೇನರೇ ತಮ್ಮ ಬರಹಗಳಲ್ಲಿ ವಿವರಿಸಿದ್ದಾರೆ. ಆದದರಿಂದ ಮನುಷ್ಯನು ಏನು ಮಾಡಿದನೆಂಬದನ್ನು ಮಾತ್ರವಲ್ಲ, ಏನು ಮಾಡಬಹುದಾಗಿತ್ತೆಂಬದನ್ನು ಸಹ ಅಳೆಯಬೇಕು. ಇದು ಕಷ್ಟವಾದರೂ ಅಸಾಧ್ಯವಲ್ಲ.

ಎರಡನೆಯದು, ಎಲ್ಲಾ ಬಾಗಿಲುಗಳಿಗೂ ಒಂದೇ ತೂಕವಿಲ್ಲ. ಕೆನಡಾ ದೇಶದ ಚಾರ್ಲ್ಸ್ ಟೇಲರ್ ಎಂಬ ಪಂಡಿತರು ೧೯೭೯ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಅಲ್ಬೇನಿಯಾ ದೇಶದ ಸರಕಾರವು ೧೯೬೭ರಲ್ಲಿ ಎಲ್ಲಾ ದೇವಾಲಯಗಳನ್ನೂ ಮಸೀದಿಗಳನ್ನೂ ಮುಚ್ಚಿಸಿ ಆರಾಧನೆಯನ್ನೇ ನಿಷೇಧಿಸಿತು. ಲಂಡನ್ ಪಟ್ಟಣದಲ್ಲಿ ಆರಾಧನೆಗೆ ಅಡ್ಡಿಯಿರಲಿಲ್ಲ. ಆದರೆ ಅಲ್ಲಿನ ಬೀದಿಗಳಲ್ಲಿ ವಾಹನಗಳನ್ನು ತಡೆದು ನಿಲ್ಲಿಸುವ ಕೆಂಪು ದೀಪಗಳು ಅಲ್ಬೇನಿಯಾಕ್ಕಿಂತ ಬಹಳ ಹೆಚ್ಚಾಗಿದ್ದವು. ತಡೆಗಳನ್ನು ಸುಮ್ಮನೆ ಎಣಿಸಿದರೆ ಲಂಡನಿನವನೇ ಹೆಚ್ಚು ಕಟ್ಟಿಗೆ ಸಿಕ್ಕಿದವನೆಂದು ಲೆಕ್ಕ ಬರುವದು! ಇದು ಹುಚ್ಚು ಲೆಕ್ಕವೆಂದು ಮಗುವಿಗೂ ತಿಳಿಯುವದು. ಯಾವ ಬಾಗಿಲು ದೊಡ್ಡದು, ಯಾವದು ಚಿಕ್ಕದು ಎಂದು ತೂಗಲು ತೀರ್ಪು ಬೇಕು. ದೇಶದೇಶಗಳ ಸ್ವಾತಂತ್ರ್ಯಕ್ಕೆ ವರುಷ ವರುಷವೂ ಅಂಕಗಳನ್ನು ಹಾಕಿ ಪಟ್ಟಿ ಮಾಡುವ ಸಂಸ್ಥೆಗಳು ಈಗ ಹಲವುಂಟು. ಆ ಪಟ್ಟಿಗಳು ಪ್ರಯೋಜನವುಳ್ಳವೇ. ಆದರೆ ಅಂಕ ಹಾಕುವವರ ತೂಕದ ಕಲ್ಲು ಯಾವದೆಂದು ಕೇಳದೆ ಅವುಗಳನ್ನು ನಂಬಬಾರದು.

ಹಾಗಾದರೆ ತೀರ್ಪು ಬಂದಲ್ಲಿ ಮತ್ತೆ ಅವನವನ ಮನಸ್ಸೇ ಬಂದಿತಲ್ಲಾ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಲ್ಲ. ತೀರ್ಪು ಎಂದರೆ ಒಬ್ಬನ ಇಷ್ಟವಲ್ಲ. ದುಡಿಮೆ, ಮದುವೆ, ಆರಾಧನೆ, ಮಕ್ಕಳ ಓದು, ಮಾತು, ಹೋಗಿಬರುವದು ಇವು ಮನುಷ್ಯನ ಬಾಳಿಗೆ ದೊಡ್ಡ ಬಾಗಿಲುಗಳೆಂದು ಯೋಚಿಸಿ ನೋಡುವವರೆಲ್ಲರೂ ಒಪ್ಪುವರು. ಹೀಗೆ ಹತ್ತು ಮಂದಿ ಕುಳಿತು ಕಾರಣ ಹೇಳಿ ಒಪ್ಪಬಹುದಾದದ್ದು ಭಾವವಲ್ಲ, ನ್ಯಾಯ.

ಮೂರನೆಯದು, ಬಾಗಿಲು ತೆರೆದಿದ್ದರೂ ಹೊಸಲು ದಾಟಲಾಗದವರಿದ್ದಾರೆ. ೨೦೨೩ನೆಯ ಜೂನ್ ೧೧ರಿಂದ ನಮ್ಮ ರಾಜ್ಯದ ಹೆಂಗಸರು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡಬಹುದು. ಟಿಕೇಟಿನ ಬೆಲೆಯನ್ನು ನೋಡಿದರೆ ಸುಗಟೂರಿನ ಕಡೆಯ ಹೆಂಗಸಿಗೆ ಕೋಲಾರವೂ ಬೆಂಗಳೂರೂ ಒಂದೇ ದೂರ. ಆದರೆ ಅವಳು ಬಸ್ಸು ಹತ್ತಲು ಮನೆಯಲ್ಲಿ ಯಾರನ್ನು ಕೇಳಬೇಕು? ಸರಕಾರದವರು ೨೦೧೯ರಿಂದ ೨೦೨೧ರ ವರೆಗೆ ಮಾಡಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರನ್ನು, ಸಂತೆಗೆ, ಆಸ್ಪತ್ರೆಗೆ, ಊರ ಹೊರಗೆ ಒಬ್ಬಳೇ ಹೋಗಲು ನಿನ್ನನ್ನು ಬಿಡುತ್ತಾರೋ ಎಂದು ಕೇಳಿದರು. ದೇಶದಲ್ಲಿ ೧೦೦ಕ್ಕೆ ೪೨ ಮಂದಿ ಮಾತ್ರ ಈ ಮೂರೂ ಕಡೆಗೆ ಹೋಗಬಹುದೆಂದರು. ಸಮೀಕ್ಷೆಯವರು, ನಿನಗೆ ಬಿಡುಗಡೆ ಇದೆಯೆಂದು ತೋರುತ್ತದೋ ಎಂದು ಕೇಳಲಿಲ್ಲ, ನಿನ್ನನ್ನು ಬಿಡುತ್ತಾರೋ ಎಂದು ಕೇಳಿದರು ಎಂಬದನ್ನು ಗಮನಿಸಿರಿ. ಉತ್ತರ ಕೊಟ್ಟವಳು ಅವಳೇ. ಆದರೆ ಅವಳು ಹೇಳಿದ್ದು ಬಾಗಿಲಿನ ಸಂಗತಿಯನ್ನು. ಒಳ್ಳೆಯ ಅಳತೆಯು ಮನುಷ್ಯನ ಬಾಯಿಯನ್ನು ಮುಚ್ಚಿಸುವದಿಲ್ಲ. ಸರಿಯಾದ ಪ್ರಶ್ನೆಯನ್ನು ಅವನ ಮುಂದಿಡುತ್ತದೆ.

೭. ಪೌಲನು ಮಾಡಿದ್ದು

ನಮ್ಮ ವಾಚಕರು ಬಲ್ಲ ಒಂದು ಚಿಕ್ಕ ಪತ್ರಿಕೆಯಿಂದ ಈ ವಿಚಾರಕ್ಕೆ ಬೆಳಕು ಬೀಳುತ್ತದೆ. ಪೌಲನು ಸೆರೆಯಲ್ಲಿದ್ದುಕೊಂಡು ಫಿಲೆಮೋನನಿಗೆ ಬರೆದನು. ಒನೇಸಿಮನೆಂಬ ದಾಸನ ವಿಷಯವಾಗಿ ಬರೆದದ್ದು ಅದು. ಪೌಲನು ತನ್ನ ಬೇಡಿಗಳನ್ನು ಕುರಿತು ಗೋಳಾಡಲಿಲ್ಲ. ತನ್ನ ಮಟ್ಟಿಗೆ ಒಳಗಿನ ಬಿಡುಗಡೆಯನ್ನು ಅವನು ಬಲ್ಲನು. ಆದರೆ ಒನೇಸಿಮನ ಸಂಗತಿ ಬಂದಾಗ, ಅವನೂ ಒಳಗೆ ಬಿಡುಗಡೆಯುಳ್ಳವನಾಗಿರಲಿ, ಅಷ್ಟು ಸಾಕು ಎಂದು ಬರೆಯಲಿಲ್ಲ. ಅವನನ್ನು ದಾಸನಿಗಿಂತ ಹೆಚ್ಚಿನವನಾಗಿ ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಯಜಮಾನನನ್ನು ಕೇಳಿಕೊಂಡನು; ಅವನು ತೀರಿಸಬೇಕಾದ ಸಾಲವೇನಾದರೂ ಇದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕಬೇಕೆಂದೂ ಹೇಳಿದನು.

ಇಲ್ಲಿ ನಮ್ಮ ಪ್ರಶ್ನೆಯ ಗಂಟು ಬಿಚ್ಚುತ್ತದೆಂದು ನಾವು ನಂಬುತ್ತೇವೆ. ಒಳಗಿನ ಬಿಡುಗಡೆಯು ಪ್ರತಿಯೊಬ್ಬನೂ ತನ್ನ ವಿಷಯವಾಗಿ ಮಾತ್ರ ಹೇಳತಕ್ಕದ್ದು. ಬೇಡಿಯಲ್ಲಿರುವವನು, ನಾನು ಬಿಡುಗಡೆಯುಳ್ಳವನೆಂದರೆ ಅದು ಧೈರ್ಯ. ಬೇಡಿ ಹಾಕಿದವನಾಗಲಿ, ಪಕ್ಕದಲ್ಲಿ ನಿಂತು ನೋಡುವವನಾಗಲಿ, ಅವನು ಬಿಡುಗಡೆಯುಳ್ಳವನೇ ಎಂದರೆ ಅದು ಕ್ರೂರತನ. ಮಾತು ಒಂದೇ, ಆಡುವ ಬಾಯಿ ಬೇರೆಯಾದರೆ ಅದರ ಗುಣವೂ ಬೇರೆಯಾಗುವದು. ನಮ್ಮ ನೋವನ್ನು ನಾವು ಸಹಿಸಬಹುದು. ನೆರೆಯವನ ಜ್ವರಕ್ಕೆ ಮದ್ದು ತರಬೇಕು.

ಆದದರಿಂದ ಜ್ವರವೋ ನೋವೋ ಎಂಬ ಮೊದಲಿನ ಪ್ರಶ್ನೆಗೆ ನಮ್ಮ ಉತ್ತರ ಇದು: ಬಾಗಿಲು ಜ್ವರದಂತೆ, ಬಾಗಿಲು ದಾಟಿದವನ ಸಂತೋಷ ನೋವಿನಂತೆ. ಬಾಗಿಲನ್ನು ನೋಡಬಹುದು, ಎಣಿಸಬಹುದು, ತೂಗಬಹುದು. ನಾವು ಒಬ್ಬರಿಗೊಬ್ಬರು ಕೊಡಬೇಕಾದ ನ್ಯಾಯವೆಲ್ಲಾ ಅಲ್ಲಿಯೇ ಇದೆ. ಸಂತೋಷವನ್ನು ಅಳೆಯಲಾಗದು, ಕಾನೂನಿನಿಂದ ಕೊಡಿಸಲೂ ಆಗದು.

೮. ನಮ್ಮ ಮನೆಗಳಲ್ಲಿ

ಕೊನೆಗೆ, ಈ ಅಳತೆಯನ್ನು ಬೇರೆಯವರ ಮೇಲೆ ಇಡುವ ಮೊದಲು ನಮ್ಮ ಮೇಲೆಯೇ ಇಟ್ಟು ನೋಡೋಣ. ನಮ್ಮಲ್ಲಿ ಹಲವರ ತಂದೆ ತಾತಂದಿರು ಒಡೆಯರ ಹಟ್ಟಿಗಳಲ್ಲಿ ದುಡಿದವರು. ಈಗ ನಮ್ಮಲ್ಲಿ ಕೆಲವರಿಗೆ ಹೊಲವುಂಟು, ಕೊಳವೆ ಬಾವಿಯುಂಟು, ಕೂಲಿಯವರೂ ಇದ್ದಾರೆ. ಅವರಿಗೆ ಮುಂಗಡ ಕೊಟ್ಟಿದ್ದೇವೋ? ಕೊಟ್ಟಿದ್ದರೆ ಲೆಕ್ಕವನ್ನು ಅವರ ಕಣ್ಣಿಗೆ ತೋರಿಸುತ್ತೇವೋ? ಅವರು ನಾಳೆ ಬೇರೆಯವರ ಟೊಮೇಟೊ ಬಿಡಿಸಲು ಹೋದರೆ ನಾಳಿದ್ದು ಅವರ ಬಾಗಿಲಲ್ಲಿ ನಿಂತು ಕೂಗಾಡುತ್ತೇವೋ?

ಸಾಲ ಕೊಡುವ ಕಂಪನಿಗಳು ಈಗ ಹಳ್ಳಿ ಹಳ್ಳಿಗೂ ಬಂದಿವೆ. ವಾರದ ಕಂತು ತಪ್ಪಿದ ಹೆಂಗಸಿನ ಮನೆಯ ಮುಂದೆ ಕೂತು ಅವಮಾನ ಮಾಡುವವರನ್ನು ತಡೆಯಲು ನಮ್ಮ ರಾಜ್ಯದ ಸರಕಾರವು ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು; ಬಲವಂತದಿಂದ ಸಾಲ ವಸೂಲು ಮಾಡುವವರಿಗೆ ೧೦ ವರುಷಗಳ ವರೆಗೂ ಸೆರೆಯಾಗಬಹುದು. ಆದರೆ ಅಂಥ ಹೆಂಗಸು ಆರಾಧನೆಗೆ ಬಾರದೆ ಮನೆಯಲ್ಲಿ ಅಡಗಿಕೊಂಡಾಗ, ಯಾಕೆ ಬರಲಿಲ್ಲವೆಂದು ವಿಚಾರಿಸಲು ನಮ್ಮಲ್ಲಿ ಎಷ್ಟು ಮಂದಿ ಹೋದೆವು?

ಜೀತದಿಂದ ಬಿಡಿಸಲ್ಪಟ್ಟವನಿಗೆ ಸರಕಾರದವರು ಬಿಡುಗಡೆಯ ಪತ್ರವನ್ನು ಕೊಡುತ್ತಾರೆ. ಅವನ ಹೊಸ ಬಾಳಿಗಾಗಿ ೧೯೭೮ರ ಯೋಜನೆಯಲ್ಲಿ ೪,೦೦೦ ರೂಪಾಯಿ ಗೊತ್ತು ಮಾಡಿದ್ದರು. ೨೦೧೬ರ ಯೋಜನೆಯಲ್ಲಿ ಅದನ್ನು ವಯಸ್ಕ ಗಂಡಸಿಗೆ ೧ ಲಕ್ಷವೆಂದೂ ಹೆಂಗಸರಿಗೂ ಮಕ್ಕಳಿಗೂ ೨ ಲಕ್ಷವೆಂದೂ ಏರಿಸಿದರು. ಪತ್ರವೂ ಹಣವೂ ಬೇಕಾದವುಗಳೇ. ಕೈಯಲ್ಲಿ ಕಾಸಿಲ್ಲದ ಬಿಡುಗಡೆಯು ಮೂರು ತಿಂಗಳೊಳಗೆ ಹಳೇ ಒಡೆಯನ ಬಾಗಿಲಿಗೆ ತಿರಿಗಿ ಹೋಗುವದು. ಆದರೆ ಅಂಥವನು ನಮ್ಮ ಊರಿಗೆ ಬಂದರೆ, ಅವನು ಕೂತುಕೊಳ್ಳಲು ಚಾಪೆಯಲ್ಲಿ ಸ್ಥಳ ಮಾಡಿಕೊಡುವದೂ, ಅವನ ಮಗನನ್ನು ಶಾಲೆಗೆ ಸೇರಿಸುವದೂ, ಅಪ್ಪಾ ಎಂದೋ ಅಣ್ಣಾ ಎಂದೋ ಕರೆಯುವದೂ ಯಾವ ಯೋಜನೆಯಲ್ಲಿಯೂ ಬರೆದಿಲ್ಲ. ಅದು ನಮ್ಮ ಪಾಲಿನ ಕೆಲಸ.

ನಮ್ಮ ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಅವಳಿಗೇನು ಕಡಿಮೆ, ಸುಖವಾಗಿದ್ದಾಳೆ ಎನ್ನುವ ತಂದೆಯಾಗಲಿ ಗಂಡನಾಗಲಿ, ಅವಳು ಒಲ್ಲೆನೆಂದ ದಿನ ತಾನು ಏನು ಮಾಡಿದೆನೆಂದು ನೆನಸಿಕೊಳ್ಳಲಿ.

ಪ್ರಿಯ ವಾಚಕರೇ, ಮೇಲೆ ಹೇಳಿದ ಇಬ್ಬರ ಕಡೆಗೆ ಇನ್ನೊಮ್ಮೆ ನೋಡೋಣ. ಗೊಣಗುವ ರೈತನಿಗೆ ಬಿಡುಗಡೆ ಉಂಟು. ಅವನಿಗೆ ಬೇಕಾದದ್ದು ತೃಪ್ತಿ. ಅದನ್ನು ಅವನೇ ಹುಡುಕಿಕೊಳ್ಳಬೇಕು. ನಾವು ಅವನೊಂದಿಗೆ ಸ್ನೇಹದಿಂದ ಮಾತಾಡಬಹುದು, ಅಷ್ಟೇ. ತೃಪ್ತನಾದ ಕೂಲಿಯವನಿಗೆ ತೃಪ್ತಿ ಉಂಟು. ಅವನಿಗೆ ಬೇಕಾದದ್ದು ಬಿಡುಗಡೆ. ಅದನ್ನು ಅವನು ಕೇಳದೆ ಇದ್ದರೂ ಅದು ಅವನಿಗೆ ಸಲ್ಲತಕ್ಕದ್ದು. ಅವನ ಲೆಕ್ಕದ ಪುಸ್ತಕವನ್ನು ತೆರೆಸಿ, ಸಾಲ ತೀರಿದ್ದರೆ ತೀರಿತೆಂದು ಓದಿ ಹೇಳಿ, ಬಾಗಿಲನ್ನು ತೆಗೆದು ತೋರಿಸಬೇಕು. ಆ ಮೇಲೆಯೂ ಅವನು, ನಾನು ಇಲ್ಲಿಯೇ ಇರುವೆನೆಂದರೆ ಇರಲಿ. ಆಗ ಅವನು ಅಲ್ಲಿರುವದು ಕೋಣೆಗೆ ಬೀಗ ಬಿದ್ದದ್ದರಿಂದಲ್ಲ, ಕೋಣೆ ಅವನಿಗೆ ಇಷ್ಟವಾದದ್ದರಿಂದ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಹಾಗೆ ಕಾಣಬಹುದು. ಅವನಿಗಾದರೋ ಅವು ಒಂದೇ ಅಲ್ಲ.